ಸಾರು ಕೂಗಿದ ಮೇಸ್ತ್ರಿ

ಲುವೊ ದಖುನ್‌ಗೆ ಅರಳುಮರಳು ಹಿಡಿದಿದೆ ಎಂದು ನನ್ನ ಮುಂದೆ ಯಾರಾದರೂ ಅಂದರೆ ನಾನು ಸೌಟು ಕೆಳಗಿಡದೆಯೇ ಉತ್ತರ ಕೊಡುತ್ತೇನೆ. ನದಿಯಾಚೆಯ ಪೇಟೆಗಳಲ್ಲಿ ಈಗಲೂ ಕೆಲವರು ಹಾಗೆ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಆತ ಕೂಗಿದ ಊಟಗಳಿಗೆ ಅಡುಗೆ ಮಾಡಿಯೇ ನನ್ನ ತಲೆ ನೆರೆತಿದೆ. ಆತನ ತಲೆ ಎಷ್ಟು ಸರಿಯಾಗಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ತುವೊ ನದಿಯ ದಂಡೆಯ ಈ ಪೇಟೆಗಳಲ್ಲಿ ಮದುವೆಯಾಗಲಿ, ಸಾವಿನ ಊಟವಾಗಲಿ, ಮಗನಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ಔತಣವಾಗಲಿ, ಅಂಗಳಕ್ಕೆ ಟಾರ್ಪಾಲು ಕಟ್ಟಿ ಮೇಜು ಹಾಕಿದ ಮೇಲೆ ಇಬ್ಬರು ಬೇಕೇ ಬೇಕು. ಹಿತ್ತಲಲ್ಲಿ ಒಲೆ ಹೂಡಲು ನನ್ನಂಥವಳು. ಮುಂದೆ ನಿಂತು ಊಟ ನಡೆಸಲು ಒಬ್ಬ ಮೇಸ್ತ್ರಿ. ಬೆಳಗ್ಗೆ ಮನೆಯ ಯಜಮಾನ ಕೆಂಪು ರಿಬ್ಬನ್ ಕಟ್ಟಿದ ಮೈಕನ್ನು ಎರಡು ಕೈಯಲ್ಲಿ ಹಿಡಿದು ಮೇಸ್ತ್ರಿಗೆ ಕೊಡುತ್ತಾನೆ. "ಇವತ್ತು ಈ ಮನೆ ನಿಮ್ದು" ಅನ್ನುತ್ತಾನೆ. ಆಮೇಲೆ ಮೈಕು ವಾಪಸು ಕೈಗೆ ಬರುವವರೆಗೆ ಯಜಮಾನ ತನ್ನ ಮನೆಯಲ್ಲೇ ನೆಂಟ. ಯಾರು ಎಲ್ಲಿ ಕೂರಬೇಕು, ಪಟಾಕಿ ಯಾವಾಗ ಹಚ್ಚಬೇಕು, ಯಾವ ಬಟ್ಟಲು ಯಾವಾಗ ಹೊರಡಬೇಕು, ಎಲ್ಲ ಮೇಸ್ತ್ರಿಯ ಬಾಯಿಂದ ಬರಬೇಕು. ಆತ ಕೂಗದೆ ನನ್ನ ಹಬೆಬುಟ್ಟಿಯಿಂದ ಒಂದು ತುಂಡು ಮಾಂಸ ಅಲುಗುವುದಿಲ್ಲ. ಕೊನೆಯದಾಗಿ ಆತ ಸಾರು ಕೂಗಿದರೆ ಊಟ ಮುಗಿಯಿತು. ಸಾರು ಮೇಜಿಗೆ ಬಂದ ಮೇಲೆ ಮತ್ತೆ ಬೇರೆ ತಟ್ಟೆಯಿಲ್ಲ, ಬೇರೆ ಶಾಸ್ತ್ರವಿಲ್ಲ. ಜಿಲ್ಲೆಯ ದೊಡ್ಡ ಅಧಿಕಾರಿಯೇ ಕೂತಿದ್ದರೂ ಊಟದ ಕಡ್ಡಿ ಕೆಳಗಿಟ್ಟು ಎದ್ದು ಹೊರಡಬೇಕು.

ಲುವೊ ಈ ಕೆಲಸಕ್ಕೆ ಬಂದದ್ದು ಹಸಿವಿನಿಂದ. ಅಪ್ಪ ದೋಣಿ ಮಗುಚಿ ಹೋದ. ಅಮ್ಮ ಊಟದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹುಡುಗ ಅಲ್ಲೇ ಹಿತ್ತಲಲ್ಲಿ ಉಳಿದದ್ದು ತಿಂದು ಬೆಳೆದ. ಒಂದು ದಿನ ಕಾಣೆಯಾದ ಬಾತುಕೋಳಿಗಳನ್ನು ಆತ ಕೂಗಿ ಕರೆಯುವುದನ್ನು ಆ ಕಾಲದ ಮುದಿ ಮೇಸ್ತ್ರಿ ಕೇಳಿಸಿಕೊಂಡು, ಈ ಗಂಟಲು ನನಗಿರಲಿ ಎಂದು ಜೊತೆಗೆ ಇಟ್ಟುಕೊಂಡನಂತೆ. ಅಂದಿನಿಂದ ಆತನ ಬಾಯಿ ತಪ್ಪಿದ್ದಿಲ್ಲ. ಯಾವ ಮನೆಯ ಯಾವ ಚಿಕ್ಕಪ್ಪ ಯಾರ ಪಕ್ಕ ಕೂರಲಾರ, ಯಾವ ಅತ್ತಿಗೆ ಯಾರೊಡನೆ ಮಾತು ಬಿಟ್ಟಿದ್ದಾಳೆ, ಎಲ್ಲ ಆತನಿಗೆ ಬಾಯಿಪಾಠ. ಒಮ್ಮೆ ಫಾನ್ ಮನೆಯ ಸಾವಿನ ಊಟದಲ್ಲಿ ಇಬ್ಬರು ಅಳಿಯಂದಿರು ಮೇಜಿನ ತಲೆಯ ಕಡೆಯ ಮರ್ಯಾದೆಯ ಜಾಗಕ್ಕಾಗಿ ಕೊರಳಪಟ್ಟಿ ಹಿಡಿದುಕೊಂಡರು. ಲುವೊ ಮೇಜನ್ನೇ ತಿರುಗಿಸಿ ಇಡಿಸಿದ. ಇಬ್ಬರೂ ತಲೆಯ ಕಡೆಗೇ ಬಂದರು, ಇಬ್ಬರೂ ಬಾಯಿ ಮುಚ್ಚಿಕೊಂಡು ಉಂಡರು. ಹೆಂಡತಿ ತೀರಿಕೊಂಡ ಮೇಲೆ ಆತನಿಗೆ ಇದ್ದದ್ದು ಅದೊಂದೇ ಹೆಮ್ಮೆ. ನನ್ನ ಬಾಯಿ ತಪ್ಪುವುದಿಲ್ಲ ಎನ್ನುವುದು.

ಸಿಗರೇಟೂ ಆತನ ಕೈಯಿಂದಲೇ ಹೋಗುತ್ತಿತ್ತು. ಬಾಗಿಲಲ್ಲಿ ಬಂದವರಿಗೆಲ್ಲ ಎರಡು ಕೈಯಲ್ಲಿ ಒಂದೊಂದು ಕೊಡಬೇಕು. ಸೇದದವರು ಕಿವಿಯ ಮೇಲೆ ಸಿಕ್ಕಿಸಿಕೊಂಡು ಒಳಗೆ ಹೋಗಬೇಕು. ಬೇಡ ಅಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಮದುವೆಗಳಲ್ಲಿ ಬೆಳೆದ ಹುಡುಗರಿಗೂ ಮಾವಂದಿರು ಕೊಡುತ್ತಾರೆ, ಮೇಸ್ತ್ರಿ ಕೂಗಿದ ಮೇಲೆ. ಮಗ ವಿಶ್ವವಿದ್ಯಾಲಯಕ್ಕೆ ಹೊರಟ ಔತಣದಲ್ಲಂತೂ ಇನ್ನೊಂದು ಶಾಸ್ತ್ರವಿದೆ. ಮನೆತನದ ಹಿರಿಯ ಎದ್ದು ನಿಂತು ಹುಡುಗನಿಗೆ ಸಿಗರೇಟು ಕೊಡುತ್ತಾನೆ. ಮೇಸ್ತ್ರಿ ನಾಲ್ಕು ಸಾಲು ಹಾಡಿದ ಹಾಗೆ ಕೂಗುತ್ತಾನೆ. ನಾಲ್ಕನೆಯ ಸಾಲು ಮುಗಿದ ಮೇಲೆ ಹುಡುಗ ಅದನ್ನು ತೆಗೆದುಕೊಂಡು, ಅಪ್ಪ ಹಚ್ಚಿದ ಬೆಂಕಿಯಲ್ಲಿ ಎಲ್ಲರ ಎದುರು ಪೂರ್ತಿ ಸೇದಬೇಕು. ಕೆಮ್ಮಿದರೆ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಗಂಡಸಾದ ಅನ್ನುತ್ತಾರೆ.

ಹೋದ ವರ್ಷದ ವಸಂತದಲ್ಲಿ ನಮ್ಮ ಹೈಸ್ಕೂಲಿನ ಮಕ್ಕಳು ಈ ಶಾಸ್ತ್ರದ ಬೆನ್ನು ಹತ್ತಿದರು. ಅವರ ಮುಂದಾಳು ತೋಫು ಮಾರುವ ಝೌನ ಮಗಳು ವಾನ್‌ತಿಂಗ್. ಹದಿನೇಳರ ಹುಡುಗಿ, ನಾಲಗೆ ಮಾತ್ರ ನನ್ನ ಚಾಕುವಿಗಿಂತ ಹರಿತ. ಶಾಲೆಯಲ್ಲಿ ತಂಬಾಕು ಬೇಡ ಎಂದು ಮೇಷ್ಟರು ಗೋಡೆಗೆ ಚಿತ್ರ ಅಂಟಿಸಿದ್ದರು. ಅದರ ಕೆಳಗೇ ಹುಡುಗರು ಸೇದುತ್ತಿದ್ದರು. ಈ ಮಕ್ಕಳು ಚಿತ್ರ ಬಿಟ್ಟು, ತಾವೇ ಗುಂಪು ಕಟ್ಟಿಕೊಂಡು, ಸೇದುವ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದರಂತೆ, ಮೊದಲನೆಯದು ಎಲ್ಲಿ ಸೇದಿದೆ ಎಂದು. ಶಾಲೆಯ ಹಿಂದಿನ ಗೋಡೆ, ಬಸ್ ನಿಲ್ದಾಣದ ಅಂಗಡಿ, ಹೀಗೇನೋ ಉತ್ತರ ಬರುತ್ತದೆ ಎಂದುಕೊಂಡಿದ್ದರು. ಮುಕ್ಕಾಲು ಮಂದಿ ಹೇಳಿದ್ದು ಊಟದ ಮನೆಯಲ್ಲಿ ಎಂದು. ಮಾವ ಕೊಟ್ಟ, ಮೇಸ್ತ್ರಿ ಕೂಗಿದ, ತೆಗೆದುಕೊಂಡೆ.

ಹಾಗಾಗಿ ಅವರು ನೇರ ಮೇಸ್ತ್ರಿಯ ಹತ್ತಿರವೇ ಬಂದರು. ನಾನೂ ಲುವೊನೂ ನನ್ನ ಅಂಗಳದಲ್ಲಿ ಕೂತು ಒಂದು ಮದುವೆಯ ತಟ್ಟೆಗಳ ಲೆಕ್ಕ ಮಾಡುತ್ತಿದ್ದೆವು.

"ತಾತ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು," ಅಂದಳು ವಾನ್‌ತಿಂಗ್.

"ಮದ್ವೆ ಊಟನಾ? ನಿಂದಾದ್ರೆ ಇನ್ನೂ ಟೈಮಿದೆ, ಹೋಗಿ ಓದ್ಕೋ," ಅಂದ ಲುವೊ.

"ಹುಡುಗರಿಗೆ ಸಿಗರೇಟು ಕೂಗೋದನ್ನ ನಿಲ್ಲಿಸ್ಬೇಕು."

ಲುವೊ ನಕ್ಕು ಇನ್ನೊಂದು ಹಚ್ಚಿಕೊಂಡ. "ಕೊಡೋದು ಮಾವ, ತಗೊಳ್ಳೋದು ಅಳಿಯ, ಕೆಮ್ಮೋದು ಅಳಿಯನ ಎದೆ. ಮಧ್ಯೆ ನಾನೆಲ್ಲಿ ಬಂದೆ ಮಗಳೇ?"

"ನೀವು ಕೂಗದಿದ್ರೆ ಮಾವ ಕೊಡಲ್ಲ, ಅಳಿಯ ತಗೊಳ್ಳಲ್ಲ. ನೀವು ಮಧ್ಯೆ ಅಲ್ಲ ತಾತ, ನೀವೇ ಶುರು."

"ನೋಡಿದ್ಯಾ ಇವಳ ಬಾಯಿ?" ಎಂದು ಲುವೊ ನನ್ನ ಕಡೆ ತಿರುಗಿದ. ಸಿಟ್ಟು ಬಂದಿರಲಿಲ್ಲ. ಆತನಿಗೆ ಗಟ್ಟಿ ಗಂಟಲು ಇರುವವರನ್ನು ಕಂಡರೆ ಮೊದಲಿನಿಂದಲೂ ಇಷ್ಟ.

ಮಕ್ಕಳು ಬಿಡಲಿಲ್ಲ. ಭಾನುವಾರ ಬಂತೆಂದರೆ ಯಾವುದೋ ಊಟದ ಮನೆಯ ಬಾಗಿಲಲ್ಲಿ ಹುರಿದ ಸೂರ್ಯಕಾಂತಿ ಬೀಜದ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಲುವೊ ಒಂದು ಕಡೆ ಸಿಗರೇಟು ಚಾಚುವನು, ಇವರು ಇನ್ನೊಂದು ಕಡೆ ಬೀಜ ಚಾಚುವರು. ಗಂಡಸರು ಎರಡನ್ನೂ ತೆಗೆದುಕೊಂಡು ನಗುತ್ತ ಒಳಗೆ ಹೋಗುವರು. ಹೆಂಗಸರು ಮಾತ್ರ ಒಬ್ಬೊಬ್ಬರಾಗಿ ಈ ಮಕ್ಕಳ ಕಡೆ ವಾಲಿದರು. ಬಸ್ ನಿಲ್ದಾಣದ ಅಂಗಡಿಯವನು ಬಿಡಿ ಸಿಗರೇಟು ಮಾರುವುದನ್ನು ನಿಲ್ಲಿಸಿದ, ಯಾಕೆಂದರೆ ಅವನ ಹೆಂಡತಿ ಅಡುಗೆ ಮಾಡುವುದನ್ನು ನಿಲ್ಲಿಸಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಶಾಲೆಯ ಮೇಷ್ಟರು ವಾನ್‌ತಿಂಗ್‌ಳನ್ನು ಕರೆದು ಓದಿನ ಕಡೆ ನೋಡು ಎಂದು ಗದರಿದರಂತೆ. ಅವಳು ಎರಡನ್ನೂ ನೋಡಿದಳು. ಲುವೊ ಅವಳನ್ನು ಕಂಡ ಕೂಡಲೇ "ಬಂತು ನನ್ನ ತಲೆ ತಿನ್ನೋ ಗಿಣಿ" ಅನ್ನುತ್ತಿದ್ದ. ಶಾಸ್ತ್ರ ಮಾತ್ರ ಬಿಡಲಿಲ್ಲ.

ಆ ಗುಂಪಿನ ಹಿಂದೆ ಯಾವಾಗಲೂ ಒಬ್ಬ ಉದ್ದನೆಯ, ತೆಳ್ಳನೆಯ ಹುಡುಗ ನಿಂತಿರುತ್ತಿದ್ದ. ಮಾತಿಲ್ಲ ಕತೆಯಿಲ್ಲ. ಪೇಟೆಯ ಅರ್ಧ ಕಟ್ಟಡ ಕಟ್ಟಿಸಿದ ಕಂಟ್ರಾಕ್ಟರ್ ಪೂ ಶಿಗುಯಿಯ ಒಬ್ಬನೇ ಮಗ, ಯೂಛಂಗ್. ಅಷ್ಟು ದೊಡ್ಡವರ ಮಗ ಬೀಜದ ತಟ್ಟೆ ಹಿಡಿದು ನಿಲ್ಲುವುದು ಯಾಕೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಯೂಛಂಗ್‌ಗೆ ಛೊಂಗ್‌ಛಿಂಗ್‌ನಲ್ಲಿ ಎಂಜಿನಿಯರಿಂಗ್ ಸಿಕ್ಕಿತು. ಶಿಗುಯಿ ಇಡೀ ಪೇಟೆಯನ್ನೇ ಊಟಕ್ಕೆ ಕರೆದ. ಮೇಸ್ತ್ರಿ ಲುವೊ, ಅಡುಗೆ ನನ್ನದು. ಊಟಕ್ಕೆ ಎರಡು ದಿನ ಇರುವಾಗ ನಾನು ಹಂದಿ ತೊಡೆಗಳ ಕೂದಲು ಹೆರೆಯುತ್ತಿದ್ದೆ. ಲುವೊ ಪಕ್ಕದಲ್ಲಿ ಕೂತು ಹೊಗೆ ಬಿಡುತ್ತಿದ್ದ. ವಾನ್‌ತಿಂಗ್ ಒಬ್ಬಳೇ ಬಂದಳು. ಬಂದವಳೇ ನಿಂತುಬಿಟ್ಟಳು. ಅವಳ ಬಾಯಿಂದ ಮಾತು ಹೊರಡದಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ.

"ಏನಮ್ಮ ಗಿಣಿ, ಬೀಜ ಮುಗೀತಾ?" ಅಂದ ಲುವೊ.

"ತಾತ, ನಾನು ಹೇಳ್ದೆ ಅಂತ ಯಾರಿಗೂ ಗೊತ್ತಾಗ್ಬಾರ್ದು. ಯೂಛಂಗ್‌ಗೂ ಗೊತ್ತಾಗ್ಬಾರ್ದು. ಆಣೆ ಮಾಡಿಸ್ಕೊಂಡು ಹೇಳಿದ್ದ ಅವ್ನು." ಅವಳು ಅಳುತ್ತಿದ್ದಳು. "ಅವನ ಶ್ವಾಸಕೋಶ ಎರಡು ಸಲ ಒಡೆದಿದೆ ತಾತ. ತೂತು ಬಿದ್ದು ಗಾಳಿ ಎದೆ ಒಳಗೆ ಸೋರತ್ತಂತೆ, ಶ್ವಾಸಕೋಶ ಮುದುರ್ಕೊಳ್ಳತ್ತಂತೆ. ಉದ್ದ ಸಣಕಲು ಹುಡುಗರಿಗೆ ಹಂಗಾಗತ್ತಂತೆ. ಮೊದಲ್ನೇ ಸಲ ತಾನಾಗೇ ಆಯ್ತು. ಎರಡ್ನೇ ಸಲ ಹೋದ ಚಳಿಗಾಲ, ಅವರ ದೊಡ್ಡಪ್ಪನ ಮಗನ ಮದ್ವೆ ದಿನ. ಮಾವಂದಿರು ಮೂರು ಜನ ಕೊಟ್ರಂತೆ, ಮೂರೂ ಸೇದಿದ. ಸಂಜೆ ಕುಸಿದು ಬಿದ್ದ. ಪಕ್ಕೆಗೆ ಕೊಳವೆ ಹಾಕಿದ್ರು."

"ಅದು ಅಪೆಂಡಿಕ್ಸ್ ಅಲ್ವಾ? ಶಿಗುಯಿನೇ ಊರಿಗೆಲ್ಲ ಹೇಳ್ಕೊಂಡು ಬಂದ," ಅಂದೆ ನಾನು.

"ಅಪೆಂಡಿಕ್ಸ್ ಅಂದ್ರೆ ಮರ್ಯಾದೆ ಹೋಗಲ್ವಲ್ಲ ಅತ್ತೆ. ಎದೆ ಕಾಯಿಲೆ ಹುಡುಗ ಅಂದ್ರೆ ನಾಳೆ ಯಾರು ಹೆಣ್ಣು ಕೊಡ್ತಾರೆ ಅಂತ." ಅವಳು ಲುವೊ ಕಡೆ ತಿರುಗಿದಳು. "ಆ ಮದ್ವೇಲಿ ಕೂಗಿದ್ದು ನೀವೇ ತಾತ."

ಲುವೊ ಬೆರಳ ಮಧ್ಯದ ಸಿಗರೇಟು ಉರಿದು ಉರಿದು ಚರ್ಮಕ್ಕೆ ತಾಗುವವರೆಗೂ ಹಾಗೇ ಕೂತಿದ್ದ.

"ಅಪ್ಪನ ಹತ್ರ ಹುಡುಗನೇ ಒಲ್ಲೆ ಅನ್ನಲಿ," ಅಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಅವರಪ್ಪನ ಮುಂದೆ ಅವನಿಗೆ ಬಾಯೇ ಬರಲ್ಲ ಅತ್ತೆ. ರಾತ್ರಿಯೆಲ್ಲ ಓದಿ ಹಂಗಾಯ್ತು, ಸಿಗರೇಟಿಂದ ಅಲ್ಲ ಅಂತಾರೆ ಅವರಪ್ಪ. ಒಂದೇ ಒಂದು, ದೊಡ್ಡಜ್ಜನ ಕೈಯಿಂದ ತಗೋ, ಆಮೇಲೆ ಜನ್ಮದಲ್ಲಿ ಮುಟ್ಬೇಡ ಅಂದಿದಾರೆ. ಮೂರ್ನೇ ಸಲ ಆದ್ರೆ ಏನಾಗತ್ತೆ ಅಂತ ಡಾಕ್ಟರ್‌ನ ಕೇಳಿದ್ನಂತೆ. ಬೇಗ ಆಸ್ಪತ್ರೆಗೆ ಬಂದ್ರೆ ನೋಡೋಣ ಅಂದ್ರಂತೆ."

ಜಿಲ್ಲಾಸ್ಪತ್ರೆ ನಮ್ಮ ಪೇಟೆಯಿಂದ ಬೆಟ್ಟದಾಚೆ. ಅದು ನಮಗೆ ಮೂವರಿಗೂ ಗೊತ್ತಿತ್ತು.

ಆ ಸಂಜೆ ಲುವೊ ಶಿಗುಯಿಯ ಮನೆಗೆ ಹೋದ. ವಾಪಸು ಬಂದವನ ಮುಖ ಸಪ್ಪಗಿತ್ತು. ಈಗೆಲ್ಲ ಓದಿದ ಮಕ್ಕಳು, ಆ ಸಿಗರೇಟಿನ ಶಾಸ್ತ್ರವೊಂದು ಬಿಟ್ಟು ಹೊಸ ರೀತಿ ಮಾಡೋಣವೇ ಎಂದು ಮೆಲ್ಲಗೆ ಕೇಳಿದನಂತೆ. ಕಾಯಿಲೆಯ ಮಾತು ಎತ್ತಲಿಲ್ಲ. ಎತ್ತಿದರೆ ಹುಡುಗಿ ಸಿಕ್ಕಿಬೀಳುತ್ತಿದ್ದಳು. ಶಿಗುಯಿ ನಕ್ಕು, "ನನ್ನ ಮಗನಿಗೊಬ್ಬನಿಗೆ ಬಿಟ್ರೆ ಅವನಲ್ಲೇನೋ ಕೊರತೆ ಇದೆ ಅಂತ ಊರು ಅನ್ಕೊಳ್ಳಲ್ವಾ ಮೇಸ್ತ್ರಿ? ನಿಮಗೆ ಗಂಟಲು ನೋವಾದ್ರೆ ಹೇಳಿ, ಆಚೆ ದಂಡೆಯ ಮೇಸ್ತ್ರಿ ಕರೆಸ್ತೀನಿ" ಅಂದನಂತೆ.

"ಹೋಗ್ಬೇಡ. ಮೈ ಹುಷಾರಿಲ್ಲ ಅಂತ ಮನೇಲಿ ಮಲಕ್ಕೋ," ಅಂದೆ ನಾನು.

"ನಾನು ಮಲಕ್ಕೊಂಡ್ರೆ ಇನ್ನೊಬ್ಬ ಕೂಗ್ತಾನೆ," ಅಂದ ಲುವೊ.

ಊಟದ ದಿನ ಬೆಳಗ್ಗಿನಿಂದಲೇ ಧಗೆ. ಟಾರ್ಪಾಲಿನ ಕೆಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಶಿಗುಯಿ ಹೊಸ ಅಂಗಿ ತೊಟ್ಟು ಎರಡು ಕೈಯಲ್ಲಿ ಮೈಕು ಕೊಟ್ಟ. ಲುವೊ ಎರಡು ಕೈಯಲ್ಲಿ ತೆಗೆದುಕೊಂಡ. ಆಮೇಲೆ ಹಿತ್ತಲಿಗೆ ಬಂದು ನನ್ನ ಒಲೆಗಳನ್ನು ನೋಡಿದ.

"ಸಾರು ಆಗಿದೆಯಾ?"

ಇಷ್ಟು ವರ್ಷದಲ್ಲಿ ಆತ ಬೆಳಗ್ಗೆಯೇ ಸಾರು ಕೇಳಿದ್ದಿಲ್ಲ. ಬೂದುಗುಂಬಳದ ಸಾರು, ಕೊನೆಗೆ ಕುದಿಸುವ ಪದಾರ್ಥ. "ಈಗ್ಲೇ ಯಾಕೆ?" ಅಂದೆ.

"ಇವತ್ತು ಎಲ್ಲಕ್ಕಿಂತ ಮೊದ್ಲು ಅದನ್ನ ಮಾಡಿಡು," ಎಂದು ಹೊರಟುಹೋದ. ನನಗೆ ಹೊಳೆಯಲಿಲ್ಲ. ಬೈದುಕೊಂಡೇ ಬೂದುಗುಂಬಳ ಹೆಚ್ಚಿದೆ.

ಬಾಗಿಲಲ್ಲಿ ಬೀಜದ ತಟ್ಟೆ ಹಿಡಿದು ನಿಂತಿದ್ದ ಮಕ್ಕಳನ್ನು ಶಿಗುಯಿ "ಇವತ್ತು ನಿಮ್ಮ ನಾಟಕ ಬೇಡ" ಎಂದು ಕೊನೆಯ ಮೇಜಿಗೆ ತಳ್ಳಿದ. ವಾನ್‌ತಿಂಗ್ ಏನೂ ತಿನ್ನದೆ ಕೂತಿದ್ದಳು. ಯೂಛಂಗ್ ಅಪ್ಪನ ಪಕ್ಕ ನಿಂತು ಬಂದವರಿಗೆಲ್ಲ ತಲೆ ಬಾಗಿಸುತ್ತಿದ್ದ. ಅಷ್ಟು ಸೆಕೆಯಲ್ಲೂ ಅವನ ತುಟಿ ಬಿಳಿಚಿಕೊಂಡಿತ್ತು.

ಲುವೊ ಕೂಗಿದ. ತಣ್ಣನೆಯ ತಟ್ಟೆಗಳು ಹೋದವು. ಕರಿದ ಮಾಂಸ ಹೋಯಿತು, ಮೀನು ಹೋಯಿತು. ಹಂದಿ ತೊಡೆ, ಸಿಹಿ ಅನ್ನದ ಬಟ್ಟಲು, ಕೋಳಿ, ಎಲ್ಲ ಇನ್ನೂ ಹಬೆಬುಟ್ಟಿಯಲ್ಲೇ ಇದ್ದವು. ಶಾಸ್ತ್ರ ನಡೆಯುವುದು ಯಾವಾಗಲೂ ತೊಡೆಯ ಮುಂಚೆ. ಪೂ ಮನೆತನದ ದೊಡ್ಡಜ್ಜ ಕೋಲೂರಿ ಎದ್ದು ನಿಂತರು. ತೊಂಬತ್ತರ ಹತ್ತಿರದ ಮುದುಕ. ಪದ್ಧತಿ ಒಂದು ಎಳೆ ತಪ್ಪಿದರೂ ಊಟ ಬಿಟ್ಟು ಹೊರಡುವ ಆಸಾಮಿ. ಗದ್ದಲ ನಿಂತಿತು. ಫೋನುಗಳು ಮೇಲೆದ್ದವು. ನಾನು ಒಲೆ ಬಿಟ್ಟು ಟಾರ್ಪಾಲಿನ ಅಂಚಿಗೆ ಬಂದೆ.

ದೊಡ್ಡಜ್ಜ ಸಿಗರೇಟು ಚಾಚಿದರು. ಯೂಛಂಗ್ ಎರಡು ಕೈ ಮುಂದೆ ಮಾಡಿದ. ಶಿಗುಯಿ ಲೈಟರ್ ಹಿಡಿದು ಸಿದ್ಧನಾಗಿದ್ದ.

ಲುವೊ ಮೊದಲ ಸಾಲು ಕೂಗಿದ. ಎಂದಿನ ಗಂಟಲು, ನದಿಯಾಚೆಗೂ ಕೇಳುವ ಹಾಗೆ. ಎರಡನೆಯದು ಕೂಗಿದ. ಕೂಗಿಯೇ ಬಿಡುತ್ತಾನೆ ಮುದುಕ, ಇಷ್ಟು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ ಅಂದುಕೊಂಡೆ. ಮೂರನೆಯದೂ ಬಂತು. ಯೂಛಂಗ್ ಕಣ್ಣು ಮುಚ್ಚಿಕೊಂಡ.

ನಾಲ್ಕನೆಯದು ಬರಲಿಲ್ಲ.

ಫ್ಯಾನಿನ ಸದ್ದು ಮಾತ್ರ. "ಮೇಸ್ತ್ರಿ," ಎಂದು ಶಿಗುಯಿ ಹಲ್ಲು ಬಿಗಿಹಿಡಿದು ಅಂದ. ಲುವೊ ಮೈಕು ಬಾಯಿಗೆ ಹಿಡಿದುಕೊಂಡೇ ನಿಂತಿದ್ದ. ಆತನ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಯಾರೋ ಹುಡುಗರು ಕಿಸಕ್ಕೆಂದರು. "ಮೇಸ್ತ್ರಿ, ಕೂಗಿ," ಅಂದ ಶಿಗುಯಿ ಮತ್ತೆ.

"ಸಾರು," ಎಂದು ಕೂಗಿದ ಲುವೊ. "ಎಲ್ಲ ಮೇಜಿಗೂ ಸಾರು ಬರ್ಲಿ."

ನನ್ನ ಜೊತೆಯವಳು ಸೌಟು ಕೈಬಿಟ್ಟಳು. "ಅಕ್ಕ, ತೊಡೆನೇ ಹೋಗಿಲ್ಲ. ಮುದುಕಪ್ಪ ತಪ್ಪಿ ಕೂಗ್ದ. ಏನ್ಮಾಡೋದು?"

ಶಿಗುಯಿ ಹಿತ್ತಲಿನ ಕಡೆ ತಿರುಗಿ ನನಗೆ ಕೈ ಅಲ್ಲಾಡಿಸಿದ. ಬೇಡ, ಕಳಿಸಬೇಡ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಎಲ್ಲ ನಕ್ಕು, ಮೇಸ್ತ್ರಿ ತಿದ್ದಿಕೊಂಡು, ನಾಲ್ಕನೆಯ ಸಾಲು ಕೂಗಿ ಮುಗಿಯುತ್ತಿತ್ತು. ಆಗ ನನಗೆ ಹೊಳೆಯಿತು, ಬೆಳಗ್ಗೆ ಆತ ಸಾರು ಕೇಳಿದ್ದು ಯಾಕೆ ಎಂದು. ಅಷ್ಟು ಬೇಯಿಸಿದ ತೊಡೆಗಳು, ಪೇಟೆಯಲ್ಲಿ ನನ್ನ ಹೆಸರು, ಮುಂದಿನ ಕೆಲಸ, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು. ಆದರೆ ಮೈಕು ಇದ್ದದ್ದು ಲುವೊನ ಕೈಯಲ್ಲಿ. ಆ ದಿನ ಆ ಮನೆ ಲುವೊನದು.

"ಕಿವಿ ಕೇಳಿಸಲ್ವಾ ನಿಂಗೆ? ಸಾರು ಎತ್ತು," ಅಂದೆ. ಮೊದಲ ಬೋಗುಣಿಯನ್ನು ನಾನೇ ಹೊತ್ತುಕೊಂಡು ಹೋಗಿ ದೊಡ್ಡಜ್ಜನ ಮೇಜಿನ ಮೇಲೆ ಇಟ್ಟೆ.

ದೊಡ್ಡಜ್ಜ ಸಾರನ್ನು ನೋಡಿದರು. ಕೈಯ ಸಿಗರೇಟನ್ನು ನೋಡಿದರು. ಮತ್ತೆ ಸಾರನ್ನು ನೋಡಿದರು. "ಸಾರು ಬಂತಲ್ಲ," ಎಂದು ಸಿಗರೇಟನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೋಲಿಗೆ ಕೈ ಹಾಕಿದರು. ಹಿರಿಯರ ಮೇಜು ಎದ್ದರೆ ಎಲ್ಲ ಏಳಬೇಕು. ಬೆಂಚುಗಳು ಕಿರುಗುಟ್ಟಿದವು. ಸಾರಿನ ಕೂಗು ಕೇಳಿದ ಪಟಾಕಿಯವನು ಗೇಟಿನಲ್ಲಿ ನೆಂಟರನ್ನು ಕಳಿಸಿಕೊಡುವ ಪಟಾಕಿ ಸರ ಹಚ್ಚಿಯೇ ಬಿಟ್ಟ. ಆ ಸದ್ದಿನಲ್ಲಿ ಶಿಗುಯಿ ಏನು ಅರಚಿದನೋ ಯಾರಿಗೂ ಕೇಳಲಿಲ್ಲ.

ಸದ್ದು ನಿಂತ ಮೇಲೆ ಕೇಳಿದ್ದು ಇಷ್ಟು. "ತಲೆ ಕೆಟ್ಟಿದೆಯಾ ನಿಮಗೆ?"

ಲುವೊ ಮೈಕನ್ನು ಕೆಳಗಿಡಲಿಲ್ಲ. ಅದರಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ತಪ್ಪಾಯ್ತು ಯಜಮಾನ್ರೇ. ವಯಸ್ಸಾಯ್ತು ನೋಡಿ. ತೊಡೆ ಹೋಗಿದೆ ಅನ್ಕೊಂಬಿಟ್ಟೆ."

ನಗು ಒಂದು ಮೇಜಿನಿಂದ ಇನ್ನೊಂದಕ್ಕೆ ಹರಡಿತು. ಯೂಛಂಗ್ ಮಾತ್ರ ಚಾಚಿದ ಕೈ ಚಾಚಿದ ಹಾಗೇ ನಿಂತು ಲುವೊನನ್ನು ನೋಡುತ್ತಿದ್ದ. "ಏನು ಕಂಬದ ಹಂಗೆ ನಿಂತಿದೀಯ? ಬಾಗಿಲಿಗೆ ಹೋಗು, ಬಂದೋರನ್ನ ಕಳಿಸು," ಎಂದು ಲುವೊ ಗದರಿದ. ಹುಡುಗ ಕೈ ಇಳಿಸಿ ಬಾಗಿಲಿಗೆ ಹೋದ.

ಜನ ತೊಡೆ, ಕೋಳಿ ಎಲ್ಲ ಪೊಟ್ಟಣ ಕಟ್ಟಿಸಿಕೊಂಡು ಹೋದರು. ಜೊತೆಗೆ ಕತೆಯನ್ನೂ ಕಟ್ಟಿಕೊಂಡು ಹೋದರು. ಮೈಕನ್ನು ಶಿಗುಯಿ ಒಂದೇ ಕೈಯಲ್ಲಿ ಕಿತ್ತುಕೊಂಡ. ಸಂಜೆಯೊಳಗೆ ನದಿಯ ಎರಡೂ ದಂಡೆಗೆ ಸುದ್ದಿ ಮುಟ್ಟಿತ್ತು, ಲುವೊ ಮೇಸ್ತ್ರಿಗೆ ಅರಳುಮರಳು ಎಂದು. ಶರತ್ಕಾಲದ ಮದುವೆಗಳಿಗೆ ಹೇಳಿಟ್ಟವರೆಲ್ಲ ಒಬ್ಬೊಬ್ಬರಾಗಿ ಬಂದು, ನಿಮಗೆ ದಣಿವಾಗುತ್ತದೆ, ಈ ಸಲ ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಹೇಳಿ ಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನಾಲ್ಕು ಜನಕ್ಕೆ ನಿಜ ಹೇಳ್ತೀನಿ ನಾನು," ಅಂದೆ ಒಂದು ದಿನ. "ಮೂರು ಸಾಲು ಕೂಗಿ ನಾಲ್ಕನೇದು ನುಂಗಿದೋನಿಗೆ ಮರೆವಂತೆ."

"ಹೇಳಿದ್ರೆ ಆ ಹುಡುಗನ ಎದೆ ವಿಷ್ಯ ಊರಿಗೆಲ್ಲ ಗೊತ್ತಾಗತ್ತೆ. ಅದು ಅವನ ವಿಷ್ಯ. ಹೇಳೋದಿದ್ರೆ ಅವನೇ ಹೇಳ್ತಾನೆ," ಅಂದ ಲುವೊ. "ನೀನು ಬಾಯಿಗೆ ಬೀಗ ಹಾಕ್ಕೊಂಡಿರು."

"ನಿನ್ನ ಹೆಸರು?"

"ಹೋಯ್ತು." ಅಷ್ಟೇ ಅಂದ. ಆಮೇಲೆ ಸಿಗರೇಟಿನ ಬೂದಿ ಕೊಡವಿ, "ಬೇಜಾರಾಗತ್ತೆ, ಸುಳ್ಳು ಯಾಕೆ ಹೇಳ್ಲಿ," ಅಂದ. ಬೆಳಗ್ಗೆ ಎದ್ದ ಕೂಡಲೇ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಆತನಿಗೆ ಹೋಗಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ನನಗೆ ಅದು ದಿನಾ ಕೇಳುತ್ತಿತ್ತು. ವಾನ್‌ತಿಂಗ್ ಭಾನುವಾರ ಬಂದು ಆತನ ಜೊತೆ ಜಗಳ ಆಡಿ ಹೋಗುತ್ತಿದ್ದಳು, ನೀವೂ ಸೇದುವುದು ಬಿಡಿ ಎಂದು. ಆತ 'ನಾಳೆ' ಅನ್ನುತ್ತಿದ್ದ.

ಹೊಸ ವರ್ಷದ ರಜೆಗೆ ಯೂಛಂಗ್ ಊರಿಗೆ ಬಂದ. ಹಬ್ಬದ ಮಾರನೆಯ ದಿನ ಬೆಳಗ್ಗೆ ನದಿ ದಂಡೆಯ ಚಹಾದ ಅಂಗಡಿ ತುಂಬಿ ತುಳುಕುತ್ತಿತ್ತು. ಬಿದಿರಿನ ಕುರ್ಚಿಗಳು, ಇಸ್ಪೀಟು, ಹೊಗೆ. ನಾನು, ಲುವೊ ಒಂದು ಮೂಲೆಯಲ್ಲಿದ್ದೆವು. ಶಿಗುಯಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಾರು ಜನರ ನಡುವೆ ದೊಡ್ಡ ಗಂಟಲಲ್ಲಿ ಮಾತಾಡುತ್ತಿದ್ದ.

"ಅಲ್ನೋಡಿ, ಸಾರು ಲುವೊ ಕೂತಿದಾರೆ," ಅಂದ ಅವನು. "ಮೇಸ್ತ್ರಿ, ಬೆಳಗ್ಗೆ ಎದ್ದು ಮುಖ ತೊಳೆಯೋ ಮುಂಚೆ ಮಲಗಿಬಿಟ್ಟೀರ ಮತ್ತೆ."

ಅಂಗಡಿಯೆಲ್ಲ ನಕ್ಕಿತು. ಲುವೊನೂ ನಕ್ಕ. ನಾನು ಬಟ್ಟಲು ಕೆಳಗಿಟ್ಟೆ. ಇವತ್ತು ಬೀಗ ಮುರಿದೇ ಬಿಡುತ್ತೇನೆ ಎಂದು ಏಳುವಷ್ಟರಲ್ಲಿ ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಸಾಕಪ್ಪಾ," ಅಂದ ಯೂಛಂಗ್. ಎದ್ದು ನಿಂತಿದ್ದ.

"ತಮಾಷೆ ಕಣೋ, ಕೂತ್ಕೋ."

"ಅವರು ಮರೆತು ಕೂಗ್ಲಿಲ್ಲ." ಹುಡುಗನ ಧ್ವನಿ ಒಡೆಯುತ್ತಿತ್ತು, ಆದರೂ ಅಂಗಡಿಯ ಕೊನೆಯವರೆಗೆ ಕೇಳಿತು. "ನನ್ನ ಶ್ವಾಸಕೋಶ ಎರಡು ಸಲ ಒಡೆದಿತ್ತು. ಅಪೆಂಡಿಕ್ಸ್ ಅಲ್ಲ ಅದು. ಅದು ಹೇಗೋ ಗೊತ್ತಾಗಿ, ಸಿಗರೇಟು ನನ್ನ ಬಾಯಿಗೆ ಬರಬಾರ್ದು ಅಂತ ಅವರು ಊಟನೇ ಮುಗಿಸಿದ್ರು. ನಾನಾಗಿದ್ರೆ ಬೇಡ ಅಂತಿರ್ಲಿಲ್ಲ. ಸತ್ತೋಗ್ತೀನಿ ಅಂತ ಗೊತ್ತಿದ್ರೂ ತಗೋತಿದ್ದೆ. ನಿಮಗೆ ಅಷ್ಟು ಹೆದರ್ತಿದ್ದೆ ಅಪ್ಪಾ."

ಇಸ್ಪೀಟು ಎಸೆಯುತ್ತಿದ್ದವರ ಕೈ ನಿಂತಿತು. ಶಿಗುಯಿಯ ಮುಖ ಮೊದಲು ಕೆಂಪಾಯಿತು. ಮಗನನ್ನು ಕೂರಿಸಲು ತೋಳು ಹಿಡಿಯಲು ಹೋದವನು ಹಿಡಿಯಲಿಲ್ಲ. ಮಗನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಆ ಮುಖದ ಬಣ್ಣವೆಲ್ಲ ಇಳಿದುಹೋಯಿತು. ಅವನು ಎದ್ದು ನಮ್ಮ ಮೇಜಿನ ಹತ್ತಿರ ಬಂದ.

ನಮ್ಮ ಗಂಡಸರಿಗೆ ತಪ್ಪಾಯಿತು ಎನ್ನಲು ಬರುವುದಿಲ್ಲ. ಜಗಳ ಮುಗಿಸಬೇಕಾದರೆ ಒಂದು ಸಿಗರೇಟು ತೆಗೆದು ಎರಡು ಕೈಯಲ್ಲಿ ಚಾಚುತ್ತಾರೆ. ಎದುರಿನವನು ತೆಗೆದುಕೊಂಡರೆ ಮುಗಿಯಿತು, ಮಾತು ಬೇಕಿಲ್ಲ. ಶಿಗುಯಿಯ ಕೈ ತಾನಾಗಿ ಜೇಬಿಗೆ ಹೋಯಿತು. ಪ್ಯಾಕು ತೆಗೆದ. ಒಂದನ್ನು ಎಳೆದು, ಎರಡು ಕೈಯಲ್ಲಿ ಹಿಡಿದು, ಲುವೊ ಕಡೆ ಬಾಗಿದ. ಬಾಗಿದವನಿಗೆ ಹಿಂದೆ ನಿಂತ ಮಗನ ಕಣ್ಣು ತನ್ನ ಕೈಯ ಮೇಲೇ ಇದೆ ಎಂದು ತಿಳಿದಿರಬೇಕು. ಕೈ ಅರ್ಧಕ್ಕೇ ನಿಂತಿತು. ಮುಂದೆ ಮಾಡಲಾರ, ಹಿಂದೆ ತೆಗೆಯಲಾರ. ಪೇಟೆಯ ಅರ್ಧ ಕಟ್ಟಡ ಕಟ್ಟಿಸಿದ ಮನುಷ್ಯ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಟ್ಟ. ಅಲ್ಲಿಯವರೆಗೆ ಅವನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದ ನನಗೂ ಪಾಪ ಅನಿಸಿತು.

ಲುವೊ ಆ ಸಿಗರೇಟನ್ನು ಅವನ ಬೆರಳುಗಳಿಂದ ಬಿಡಿಸಿ ಮೇಜಿನ ಮೇಲಿಟ್ಟ. ಕೆಟಲನ್ನು ಅವನ ಕಡೆ ಸರಿಸಿದ.

"ನನ್ನ ಬಟ್ಟಲು ಖಾಲಿ ಆಗಿದೆ ಶಿಗುಯಿ," ಅಂದ.

ಶಿಗುಯಿ ಕೆಟಲನ್ನು ಎರಡು ಕೈಯಲ್ಲಿ ಹಿಡಿದು ಸುರಿದ. ಬಟ್ಟಲು ತುಂಬಿತು, ತಟ್ಟೆ ತುಂಬಿತು, ನೀರು ಮೇಜಿನ ಮೇಲೆ ಹರಿದು ನನ್ನ ಮಡಿಲಿಗೂ ತೊಟ್ಟಿಕ್ಕಿತು. ನಾವು ಯಾರೂ ಸಾಕು ಅನ್ನಲಿಲ್ಲ.